ಕಡಲ ಬದಿಯಲ್ಲಿ ಉಣ್ಣದೆ ಕೂತದ್ದು

ಅದನ್ನು ಅವರು ಸಮುದ್ರ ಅಂತ ಕರೆಯುತ್ತಾರೆ. ಕರೆಯಲಿ, ಅವರ ಊರು, ಅವರ ಬಾಯಿ. ಅಲೆ ಇಲ್ಲ, ನೊರೆ ಇಲ್ಲ, ಸದ್ದೂ ಇಲ್ಲ. ತುಂಬೆ ಅಣೆಕಟ್ಟಿನ ಗೇಟು ಇಳಿಸಿದ ಮೇಲೆ ನಮ್ಮ ನೇತ್ರಾವತಿ ಮುಖ ಊದಿಸಿಕೊಂಡು ನಿಲ್ಲುವುದಿಲ್ಲವಾ, ಹಾಗೆ ನಿಂತ ನೀರು. ಸುತ್ತ ಮೂರು ಕಡೆ ಗುಡ್ಡ. ಅದೂ ಎಂಥ ಗುಡ್ಡ! ನಮ್ಮ ಕಡೆಯ ಗಡಾಯಿಕಲ್ಲು ಅನ್ನುವ ಬಂಡೆಯ ಗುಡ್ಡವನ್ನು ಏಳೆಂಟು ತುಂಡು ಮಾಡಿ ಸಾಲಾಗಿ ನಿಲ್ಲಿಸಿ, ಮೈಮೇಲೆ ಇದ್ದ ನಾಲ್ಕು ಪೊದೆಯನ್ನೂ ತೆಂಗಿನಕಾಯಿ ಹೆರೆದ ಹಾಗೆ ಹೆರೆದು ತೆಗೆದಂತೆ. ಗುಡ್ಡಗಳ ನಡುವೆ ಒಂದು ಬಂದರು. ಬಂದರಿನಲ್ಲಿ ಆರು ದೋಣಿ, ಆರಕ್ಕೂ ಹೊಸ ಬಣ್ಣ. ಮೀನು ಹಿಡಿಯುವ ದೋಣಿಗೆ ಅಷ್ಟು ಬಣ್ಣ ಬಳಿಯಲು ಪುರುಸೊತ್ತು ಸಿಗುತ್ತದೆ ಅಂದರೆ ಮೀನು ಎಷ್ಟು ಸಿಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ದಡದಲ್ಲಿ ಮರಳಿಲ್ಲ, ಜಲ್ಲಿ. ನಮ್ಮಲ್ಲಿ ಡಾಮರು ಹಾಕುವ ಮೊದಲು ಲಾರಿಯವ ರಸ್ತೆ ಬದಿಗೆ ಸುರಿದು ಹೋಗುತ್ತಾನಲ್ಲ, ಅದೇ. ಅದರ ಮೇಲೆ ದೊಡ್ಡ ದೊಡ್ಡ ಜನ ಬರಿಗಾಲಿನಲ್ಲಿ, ಮುಳ್ಳು ಹೊಕ್ಕ ಕೋಳಿಯ ಹಾಗೆ ಒಂದೊಂದೇ ಪಾದ ಎತ್ತಿಡುತ್ತಾ ನೀರಿಗೆ ಹೋಗುತ್ತಾರೆ.

ಇದನ್ನು ನೋಡಲಿಕ್ಕೆ ಲೋಕದ ಜನ ವಿಮಾನ ಹತ್ತಿ ಬರುತ್ತಾರಂತೆ. ನಾನೂ ವಿಮಾನ ಹತ್ತಿಯೇ ಬಂದವ. ಆದರೆ ಸಮುದ್ರ ನೋಡಲಿಕ್ಕಲ್ಲ. ನನ್ನ ಅಕ್ಕನ ಮಗಳನ್ನು ಇಲ್ಲಿಗೆ ಕೊಡಬಹುದೋ ಬಾರದೋ ಅಂತ ನೋಡಲಿಕ್ಕೆ.

ಅವಳು ದುಬೈಯ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಜತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಗ್ರೀಸ್ ದೇಶದವನನ್ನು ಮೆಚ್ಚಿದಳು. ಅವನ ಅಪ್ಪ ತೀರಿಕೊಂಡ ಮೇಲೆ ಅವ ಊರಿಗೆ ವಾಪಸು ಬಂದು ಈ ಬಂದರಿನ ಬದಿಯಲ್ಲಿ ಅಮ್ಮನ ಜತೆ ಸಣ್ಣ ಊಟದ ಹೋಟೆಲು ನಡೆಸುತ್ತಿದ್ದಾನೆ. ಇವಳೂ ಆ ಬೇಸಗೆಗೆ ರಜೆ ಹಾಕಿ ಅಲ್ಲಿಗೆ ಹೋಗಿ ಕೂತಿದ್ದಳು. ಮೂವತ್ತೊಂದು ವರ್ಷದ ಹೆಣ್ಣು, ಯಾವ ಆಫೀಸಿನಲ್ಲಿ ಬೇಕಾದರೂ ರುಜು ಹಾಕಿ ಮದುವೆ ಆಗಬಹುದಿತ್ತು. ಆಗಲಿಲ್ಲ. ಫೋನು ಮಾಡಿ ನನಗೆ ಹೇಳಿದಳು, "ಮಾವ, ಅಪ್ಪ ಇಲ್ಲ. ನೀವು ಬೇಡ ಅಂದ್ರೆ ನಾನೂ ಬೇಡ ಅಂತೇನೆ. ಆದ್ರೆ ಬಂದು ನೋಡದೆ ಬೇಡ ಅನ್ನಬಾರದು."

ನಮ್ಮಲ್ಲಿ ಹೆಣ್ಣಿನ ಮದುವೆಗೆ ಅಪ್ಪ ಇದ್ದರೂ ಸೋದರಮಾವನ ಮಾತೇ ಮುಂದೆ. ಹಾಗಾಗಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಆದರೂ ನರಿಕೊಂಬಿನಲ್ಲಿರುವ ಅಕ್ಕನ ಮನೆಗೆ ಹೋಗಿ ಒಂದು ಪ್ರಯತ್ನ ಮಾಡಿದೆ.

"ಶುಭಕಾರ್ಯ ಮಾಡದ ಆಟಿ ತಿಂಗಳಲ್ಲಿ ಸಂಬಂಧ ನೋಡ್ಲಿಕ್ಕೆ ಹೋಗುವವರು ಉಂಟಾ ಅಕ್ಕ?"

"ಆಟಿ ಇರುವುದು ಇಲ್ಲಿ. ಅಲ್ಲಿ ಬಿಸಿಲಂತೆ," ಅಂದಳು ಅಕ್ಕ. ಅವಳ ಎರಡು ಮಂಡಿಗೂ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು. "ನಿನ್ನ ಹೋಟೆಲಿಗೆ ಈ ಮಳೆಗೆ ಯಾರು ಬರ್ತಾರೆ ಮಾರಾಯ, ನೊಣ ಬಿಟ್ರೆ? ನನ್ನ ಕಾಲು ಹೀಗಿರದಿದ್ರೆ ನಿನ್ನ ಹತ್ರ ಹೇಳ್ತಿರಲಿಲ್ಲ. ಹೋಗು. ಮತ್ತೆ, ನಮ್ಮ ಮಾವ ಮಾಡಿದ ಹಾಗೆ ಮಾಡ್ಬೇಡ."

ನಮ್ಮ ಮಾವ ಮಾಡಿದ್ದು ಏನು ಅಂತ ಹೇಳದೆ ಮುಂದಿನದು ಅರ್ಥ ಆಗುವುದಿಲ್ಲ. ನಮ್ಮ ಮನೆಯ ಹಿರಿಯರ ಒಂದು ಕ್ರಮ ಉಂಟು. ಹುಡುಗನ ಮನೆ ನೋಡಲು ಹೋದವರು ಬೆಲ್ಲ ನೀರು ಕುಡಿಯಬಹುದು, ಬಾಳೆಹಣ್ಣು ಮುರಿಯಬಹುದು, ಎಲೆಯಡಿಕೆ ಹಾಕಬಹುದು. ಮಾತು ಕೂಡಿಬರುವ ಮೊದಲು ಊಟಕ್ಕೆ ಮಾತ್ರ ಕೂರಬಾರದು. ಸೋದರಮಾವ ಉಂಡ ಅಂದರೆ ಒಪ್ಪಿದ ಅಂತಲೇ. ಮತ್ತೆ ಯಾವ ಕೋರ್ಟಿಗೆ ಹೋದರೂ ಆಗುವುದಿಲ್ಲ. ಊಟ ತನ್ನಿಚ್ಛೆ ಅಂತ ಗಾದೆ ಇರುವುದು ಹೌದು. ಆ ಗಾದೆ ಮಾಡಿದವನಿಗೆ ಅಕ್ಕತಂಗಿಯರು ಇರಲಿಲ್ಲ ಅಂತ ಕಾಣುತ್ತದೆ.

ಅಕ್ಕನಿಗೆ ಸಂಬಂಧ ಬಂದದ್ದು ಪುತ್ತಿಗೆ ಕಡೆಯಿಂದ. ಹುಡುಗನಿಗೆ ಮುಂಬಯಿಯಲ್ಲಿ ಹೋಟೆಲು. ನಮ್ಮ ಸೋದರಮಾವ ಹೋದರು, ಜತೆಗೆ ನಾನೂ ಹೋದೆ. ದಾರಿಯಲ್ಲಿ ಕಾರು ಕೆಟ್ಟು, ಅವರ ಅಂಗಳ ಮುಟ್ಟುವಾಗ ಮಧ್ಯಾಹ್ನ ಎರಡು ಕಳೆದಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಬರೀ ಚಹಾ. ಒಳಗಿಂದ ಕೋರಿರೊಟ್ಟಿಗೆ ಮಾಡಿದ ಕೋಳಿಸಾರಿನ ಪರಿಮಳ ಬಂತು. ಮಾವ ಎರಡು ಸಲ ಬೇಡ ಅಂದರು. ಮೂರನೇ ಸಲ ನನ್ನ ಮುಖ ನೋಡಿದರು, ಮೂಗಿನಿಂದ ಒಂದು ಉಸಿರು ಎಳೆದರು, "ಒಂದು ತುತ್ತು ಮಾತ್ರ" ಅಂದರು, ಕೂತರು. ಆ ಮನೆಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಎರಡನೇ ಸಲ ಸಾರು ಬಡಿಸುವಾಗ ಅಕ್ಕನ ಮದುವೆ ಆಗಿಹೋಗಿತ್ತು.

ತೀರಿಕೊಂಡ ಬಾವ ಕೆಟ್ಟವರೇನಲ್ಲ. ಕುಡಿಯುವವರಲ್ಲ, ಬಯ್ಯುವವರಲ್ಲ. ಹೋಟೆಲಿನವರು, ಅಷ್ಟೇ. ನಾನು ಪುಂಜಾಲಕಟ್ಟೆಯಲ್ಲಿ ಸ್ವಂತ ಹೋಟೆಲು ಹಾಕುವ ಮೊದಲು ಅವರಲ್ಲಿ ಎರಡು ವರ್ಷ ಕೆಲಸ ಕಲಿತೆ. ಆ ಎರಡು ವರ್ಷದಲ್ಲಿ ಅಕ್ಕ ಒಂದು ದಿನವಾದರೂ ಕೂತು ಉಂಡದ್ದು ನಾನು ನೋಡಲಿಲ್ಲ. ಗಿರಾಕಿಗಳದ್ದು ಮುಗಿಯಬೇಕು, ಕೆಲಸದವರದ್ದು ಮುಗಿಯಬೇಕು, ಬಾವನದ್ದು ಮುಗಿಯಬೇಕು. ಮತ್ತೆ ನಾಲ್ಕು ಗಂಟೆಗೆ, ಪಾತ್ರೆ ತೊಳೆಯುವ ಜಾಗದ ಬಾಗಿಲಿಗೆ ಬೆನ್ನು ಕೊಟ್ಟು, ತಳಕ್ಕೆ ಹಿಡಿದ ಅನ್ನವನ್ನು ಕೆರೆದು ನಿಂತುಕೊಂಡೇ ತಿನ್ನುತ್ತಿದ್ದಳು. ಒಂದು ಕಣ್ಣು ಒಲೆಯ ಮೇಲೆ. ಮೂವತ್ತೈದು ವರ್ಷ ಹಾಗೇ. ಈಗಿನ ಮಂಡಿನೋವು ಆಗ ನಿಂತದ್ದರ ಬಾಬತ್ತು. ಹೋಟೆಲಿನವನಿಗೆ ಹೆಣ್ಣು ಕೊಡಬಾರದು ಅಂತ ನಾನು, ಹೋಟೆಲಿನವನೇ, ಯಾವತ್ತೋ ತೀರ್ಮಾನ ಮಾಡಿದವ.

ಹಾಗೆ, ಉಣ್ಣಬಾರದು ಅಂತ ಹೊಟ್ಟೆಗೆ ಹೇಳಿಯೇ ನಾನು ವಿಮಾನ ಹತ್ತಿದ್ದು.

ಮುಟ್ಟಿದ ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ನನ್ನನ್ನು ಆ ಜಲ್ಲಿಯ ದಡಕ್ಕೆ ಕರೆದುಕೊಂಡು ಹೋದಳು. ಸಂಬಂಧ ನೋಡಲು ಹೋಗುವವ ಅಂತ ನಾನು ಬಿಳಿ ಪಂಚೆ, ತುಂಬುತೋಳಿನ ಅಂಗಿ, ಹೆಗಲಿಗೆ ಮೈ ಒರೆಸುವ ಹೊಸ ಬೈರಾಸು. ಉಳಿದವರು ಅದರಲ್ಲಿ ಬೈರಾಸು ಒಂದನ್ನು ಬಿಟ್ಟು ಬೇರೇನೂ ತಂದ ಹಾಗೆ ಕಾಣಲಿಲ್ಲ.

"ಮನೆ ನೋಡುವ ಅಂದ್ರೆ ಇಲ್ಲಿಗೆ ಯಾಕೆ ಕರ್ಕೊಂಡು ಬಂದೆ ಮಗಾ?"

"ಅವರ ಮನೆ, ಹೋಟೆಲು ಎಲ್ಲ ಇದೇ ಮಾವ, ನಿಮ್ಮ ಹಿಂದೆ. ಮಧ್ಯಾಹ್ನದವರೆಗೆ ಇಲ್ಲಿ ಸಮುದ್ರ ನೋಡ್ತಾ ಕೂರುವ. ಎಲ್ರೂ ಹಾಗೇ ಮಾಡುವುದು."

ಹಿಂದೆ ತಿರುಗಿ ನೋಡಿದೆ. ದಾರಿಯ ಆಚೆ ಬಿಳಿ ಗೋಡೆ, ನೀಲಿ ಬಾಗಿಲು, ದ್ರಾಕ್ಷಿ ಬಳ್ಳಿಯ ಚಪ್ಪರ, ಚಪ್ಪರದ ಕೆಳಗೆ ಒಂಬತ್ತು ಮೇಜು. ಬೋರ್ಡು ಎಷ್ಟು ಸಣ್ಣದೆಂದರೆ ಹಸಿದವನ ಕಣ್ಣಿಗೂ ಬೀಳಲಿಕ್ಕಿಲ್ಲ. ವ್ಯಾಪಾರ ತಿಳಿದವರಲ್ಲ ಅಂತ ಆಗಲೇ ಅನ್ನಿಸಿತು.

ಕುರ್ಚಿ ಅಂತ ಕೊಟ್ಟದ್ದು ಕುರ್ಚಿಯಲ್ಲ, ಆಸ್ಪತ್ರೆಯ ಮಂಚದ ಜಾತಿಯದ್ದು. ಅದಕ್ಕೊಂದು ಕೊಡೆ. ಇಲ್ಲಿನ ಬುದ್ಧಿವಂತಿಕೆ ನೋಡಿ: ಬಾಡಿಗೆ ಕೊಟ್ಟು ಕೊಡೆ ತೆಗೆದುಕೊಳ್ಳುತ್ತಾರೆ, ಮತ್ತೆ ಮಂಚವನ್ನು ಕೊಡೆಯ ನೆರಳಿನಿಂದ ಹೊರಗೆ ಎಳೆದು ಬಿಸಿಲಿಗೆ ಮಲಗುತ್ತಾರೆ. ನಮ್ಮ ಅಜ್ಜಿ ಹಲಸಿನ ಹಪ್ಪಳವನ್ನು ಚಾಪೆಯಲ್ಲಿ ಹರಡಿ, ಒಂದು ಬದಿ ಒಣಗಿದ ಮೇಲೆ ಮಗುಚಿ ಹಾಕುತ್ತಿದ್ದರು. ಇವರಿಗೆ ಅಜ್ಜಿ ಬೇಡ, ತಾವೇ ಮಗುಚಿಕೊಳ್ಳುತ್ತಾರೆ. ಹಪ್ಪಳಕ್ಕಾದರೆ ಎಣ್ಣೆ ಮುಟ್ಟಿಸುವುದು ಒಣಗಿದ ಮೇಲೆ. ಇವರು ಒಣಗುವಾಗಲೇ ಹಚ್ಚಿಕೊಳ್ಳುತ್ತಾರೆ. ನನ್ನ ಪಕ್ಕದ ಮಂಚದ ಗಂಡಸು ಬರುವಾಗ ಹಸಿ ಗೋಡಂಬಿಯ ಬಣ್ಣ ಇದ್ದವ, ಹನ್ನೊಂದು ಗಂಟೆಗೆ ಬೇಯಿಸಿದ ಸಿಗಡಿಯ ಬಣ್ಣಕ್ಕೆ ಬಂದ. ಅವನ ಹೆಂಡತಿ ನೋಡಿ ಸಂತೋಷಪಟ್ಟಳು.

ನಾನು ಇದನ್ನೆಲ್ಲ ತುಳುವಿನಲ್ಲಿ, ಮುಖದಲ್ಲಿ ನಗು ಇಟ್ಟುಕೊಂಡೇ ಹೇಳುತ್ತಿದ್ದೆ. ಯಾರಿಗೆ ಗೊತ್ತಾಗುತ್ತದೆ ಅಂತ.

"ಮಾವ, ನಿಮ್ಮ ಬಾಯಿ ಮಾತ್ರ ಅಲ್ಲ, ಹುಬ್ಬೂ ತುಳು ಮಾತಾಡ್ತದೆ," ಅಂದಳು ಅವಳು. "ಅದು ಎಲ್ರಿಗೂ ಅರ್ಥ ಆಗ್ತದೆ."

ಅಷ್ಟರಲ್ಲಿ ನೀರಿನಿಂದ ಒಬ್ಬರು ಹೆಂಗಸು ಎದ್ದು ಬಂದರು. ಅರವತ್ತು ಕಳೆದವರು. ಮೈಯಿಂದ ನೀರು ಇಳಿಯುತ್ತಿತ್ತು. ಬಟ್ಟೆಯಿಂದ ಅಂತ ಹೇಳುವಷ್ಟು ಬಟ್ಟೆ ಇರಲಿಲ್ಲ. ನೇರ ನನ್ನ ಮುಂದೆ ಬಂದು ಕೈ ಚಾಚಿದರು.

"ಅವನ ಅಮ್ಮ," ಅಂದಳು ನನ್ನ ಸೋದರಸೊಸೆ.

ಬೀಗಿತ್ತಿಯಾಗಬೇಕಾದವರನ್ನು ಹೀಗೆ ನೋಡಿದ ಗಂಡಸು ನಮ್ಮ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಾನು ಎರಡು ಕೈ ಜೋಡಿಸಿದೆ, ಕಣ್ಣನ್ನು ಗುಡ್ಡದ ತುದಿಗೆ ಕೊಟ್ಟೆ. ಆಕೆ ನನ್ನ ಜೋಡಿಸಿದ ಕೈಗಳನ್ನೇ ತನ್ನ ಒದ್ದೆ ಕೈಗಳಲ್ಲಿ ಹಿಡಿದು ಅಲ್ಲಾಡಿಸಿದರು. ನಾನು ಗುಡ್ಡ ನೋಡುವುದು ಕಂಡು ಅವರಿಗೆ ಬಹಳ ಖುಷಿಯಾಯಿತಂತೆ. ಆ ಗುಡ್ಡದ ಹೆಸರು, ಅದರ ಮೇಲಿನ ಇಗರ್ಜಿಯ ಕತೆ ಎಲ್ಲ ಹೇಳಿದರು. ಮುಗಿಯುವವರೆಗೆ ನಾನು ಗುಡ್ಡವನ್ನೇ ನೋಡಿದೆ.

ಹುಡುಗ ಆಮೇಲೆ ಬಂದ. ಎತ್ತರದವ, ಮುಂಗೈಯಲ್ಲಿ ಸುಟ್ಟ ಗುರುತು ನಾಲ್ಕೈದು. ಅದು ಒಲೆಯ ಹತ್ತಿರ ನಿಲ್ಲುವವನ ಗುರುತು, ನನಗೂ ಉಂಟು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು. ಹೋಟೆಲು ಇವನ ಮೈಗೆ ಹತ್ತಿದೆ. ನಾಳೆ ಇವಳ ಮೈಗೂ ಹತ್ತುತ್ತದೆ. ಅವ ಒಂದು ತಟ್ಟೆ ತಂದಿದ್ದ. ರೊಟ್ಟಿ, ಬಿಳಿ ಚೀಸು, ಆಲಿವ್ ಕಾಯಿ, ಕಲ್ಲಂಗಡಿ. ನಾನು ಬೇಡ ಅಂದೆ. ಅವನಮ್ಮ ತಟ್ಟೆಯನ್ನು ನನ್ನ ಮೂಗಿನ ಹತ್ತಿರ ತಂದರು. ಬೇಡ ಅಂದೆ. ಅವರು ಒಂದು ತುಂಡು ಮುರಿದು ನನ್ನ ಬಾಯಿಗೇ ಹಿಡಿದರು. ನಾನು ಬಾಯಿ ಮುಚ್ಚಿ ತಲೆ ಹಿಂದೆ ಹಾಕಿದೆ, ಕಹಿ ಕಷಾಯಕ್ಕೆ ಮಕ್ಕಳು ಮಾಡುವ ಹಾಗೆ.

ಅವರ ಮುಖ ಸಣ್ಣದಾಯಿತು. ಸೊಸೆ ಬೇಗ ಬೇಗ ಏನೋ ಹೇಳಿದಳು. ಕೇಳಿದ್ದೇ ಆಕೆ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿ, ನನ್ನನ್ನು ದೇವರನ್ನು ನೋಡುವ ಹಾಗೆ ನೋಡಿದರು.

"ಏನು ಹೇಳಿದೆ ಅವರಿಗೆ?"

"ನಿಮಗೆ ಇವತ್ತು ಉಪವಾಸ ಅಂತ."

"ಸುಳ್ಳು ಯಾಕೆ ಹೇಳಿದೆ?"

"ಮತ್ತೆ ಏನು ಹೇಳ್ಲಿ? ನಿಮ್ಮ ಮಗ ನಮ್ಮ ಮಾವನ ಕಣ್ಣಿಗೆ ಬೀಳಲಿಲ್ಲ, ಹಾಗಾಗಿ ತಿನ್ನುವುದಿಲ್ಲ ಅಂತ ಹೇಳ್ಲಾ?" ಅವಳು ಜಲ್ಲಿಗೆ ಬಿದ್ದ ರೊಟ್ಟಿಯ ತುಂಡು ಹೆಕ್ಕಿದಳು. "ಆ ಕ್ರಮ ನನಗೂ ಗೊತ್ತುಂಟು ಮಾವ. ಅಮ್ಮ ಸಾವಿರ ಸಲ ಹೇಳಿದ್ದಾರೆ. ಇವನಿಗೆ ನಾನು ಹೇಳಲಿಲ್ಲ. ಹೇಳಿದ್ರೆ ಇವ ಚಂದ ಚಂದದ ಅಡಿಗೆ ಮಾಡಿ ನಿಮ್ಮ ಮುಂದೆ ಇಡ್ತಾನೆ. ಅದು ನನಗೆ ಬೇಡ."

ಅದರಿಂದ ಆದದ್ದು ಇಷ್ಟು: ಅವರ ಧರ್ಮದಲ್ಲಿಯೂ ಉಪವಾಸ ಉಂಟಂತೆ, ಬಹಳ ಗೌರವವಂತೆ. ಅರ್ಧ ಗಂಟೆಗೊಮ್ಮೆ ಆ ಅಮ್ಮ ಲಿಂಬೆ ನೀರು ತಂದು ಇಡುತ್ತಿದ್ದರು, ಅದೊಂದಕ್ಕೆ ದೋಷ ಇಲ್ಲವಲ್ಲ ಅಂತ. ಸುತ್ತಲಿನ ಮಂಚದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದರು. ಮೈಮೇಲೆ ಕರವಸ್ತ್ರದಷ್ಟು ಬಟ್ಟೆ ಇಲ್ಲದ ಜನ ಎದ್ದು ಕೂತು ನನಗೆ ತಲೆಬಾಗುತ್ತಿದ್ದರು. ನಾನು ಪಂಚೆ ಸರಿಮಾಡಿಕೊಂಡು, ಲಿಂಬೆ ನೀರು ಕುಡಿದು, ಹೊಟ್ಟೆಯ ಸದ್ದು ಹೊರಗೆ ಕೇಳದ ಹಾಗೆ ಕೆಮ್ಮುತ್ತಾ ಕೂತೆ.

ಹನ್ನೆರಡಕ್ಕೆ ದಾರಿಯ ಆಚೆ ಕೆಂಡ ಹೊತ್ತಿತು. ಬೂತಾಯಿ ಮೀನು ಸುಡುವ ವಾಸನೆ. ಪರದೇಶದಲ್ಲಿ ಭಾಷೆ ಬೇರೆ, ಬಟ್ಟೆ ಬೇರೆ, ದೇವರು ಬೇರೆ. ಬೂತಾಯಿ ಕೆಂಡಕ್ಕೆ ಬಿದ್ದಾಗ ಬರುವ ವಾಸನೆ ಮಾತ್ರ ಬಂಟ್ವಾಳದ್ದೇ. ನಮ್ಮ ಮಾವ ಆವತ್ತು ಮೂಗಿನಿಂದ ಎಳೆದ ಉಸಿರು ಎಂಥದ್ದು ಅಂತ ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಅವರನ್ನು ನಲವತ್ತು ವರ್ಷ ಬೈದದ್ದು ಸ್ವಲ್ಪ ಹೆಚ್ಚಾಯಿತೋ ಏನೋ.

ಆಗಲೇ ಅಕ್ಕನ ಫೋನು ಬಂತು. ಊರಿನಲ್ಲಿ ಎರಡೂವರೆ.

"ಊಟ ಆಯ್ತಾ?" ಅಂದಳು.

ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಅವಳು ಅದನ್ನು ಬಹಳ ನಿಧಾನವಾಗಿ ಕೇಳಿದಳು.

"ಇಲ್ಲ."

ಅಲ್ಲಿ ಮಳೆ ಹೊಯ್ಯುವ ಸದ್ದು ಕೇಳುತ್ತಿತ್ತು. "ಸರಿ. ಜಾಗ್ರತೆ," ಅಂದು ಇಟ್ಟಳು. ಅವಳಿಗೆ ಸಮಾಧಾನ ಆಯಿತೋ ಬೇಸರ ಆಯಿತೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ. ಪಕ್ಕದಲ್ಲಿ ಸೊಸೆ ಜಲ್ಲಿಯ ಒಂದೊಂದೇ ಕಲ್ಲು ಹೆಕ್ಕಿ ನೀರಿಗೆ ಎಸೆಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ಒಂದು ಗಂಟೆಗೆ ನಾವು ಚಪ್ಪರದ ಕೆಳಗೆ ಬಂದೆವು. ನನ್ನನ್ನು ನೆರಳಿನಲ್ಲಿ ಒಂದು ಕುರ್ಚಿಗೆ ಕೂರಿಸಿ ಅವಳು ಒಳಗೆ ಹೋದಳು. ಹೋಗುವುದೇ, ಇನ್ನು ನಾಲ್ಕರವರೆಗೆ ಹೊರಗೆ ಬರಲಿಕ್ಕಿಲ್ಲ ಅಂತ ನಾನು ಅಂದುಕೊಂಡೆ. ಬಿಸಿಲಿನಲ್ಲಿ ಬೆಂದವರೆಲ್ಲ ಹಸಿದು ಬಂದು ಒಂಬತ್ತು ಮೇಜೂ ತುಂಬಿತು. ಹೊರಗೆ ಇನ್ನೂ ನಾಲ್ಕು ಜನ ನಿಂತಿದ್ದರು. ಒಂದು ಗಂಟೆ ಅಂದರೆ ಹೋಟೆಲಿನವನ ದೇವರ ಪೂಜೆಯ ಹೊತ್ತು. ಸಾಯುವುದಿದ್ದರೂ ಎರಡೂವರೆಯವರೆಗೆ ತಡೆದುಕೊಳ್ಳಿ ಅಂತ ನಾನು ನನ್ನ ಕೆಲಸದವರಿಗೆ ಹೇಳುವುದುಂಟು.

ಆಗ ಹುಡುಗ ಕೈ ಒರೆಸಿಕೊಂಡು ಹೊರಗೆ ಬಂದ. ಅಡಿಗೆಮನೆಯ ಬಾಗಿಲಿನ ಬುಡದಲ್ಲಿ ಒಂದು ಉದ್ದ ಮೇಜಿತ್ತು, ಅದರ ಮೇಲೆ ಸುಟ್ಟ ಬೂತಾಯಿಯ ದೊಡ್ಡ ಹರಿವಾಣ ಇಟ್ಟ. ಒಳಗೆ ತಿರುಗಿ ಕೂಗಿದ. ಅವನ ಅಮ್ಮ ಬಂದರು, ಈಗ ಮೈತುಂಬ ಅಂಗಿ ಹಾಕಿದ್ದರು, ದೇವರ ದಯ. ಅಡಿಗೆಗೆ ಇದ್ದ ಒಬ್ಬರು ದಪ್ಪದ ಹೆಂಗಸು ಬಂದರು. ನನ್ನ ಸೊಸೆ ಬಂದಳು. ಗಿರಾಕಿಗೆ ಬಡಿಸಲಿಕ್ಕೆ ಅಂತ ನಾನು ಅಂದುಕೊಂಡೆ. ಅಲ್ಲ. ನಾಲ್ಕೂ ಜನ ಕುರ್ಚಿ ಎಳೆದು ಕೂತರು. ಹುಡುಗ ದೊಡ್ಡ ಎರಡು ಮೀನು ಆರಿಸಿ ಅಡಿಗೆಯವರ ತಟ್ಟೆಗೆ ಹಾಕಿದ, ಎರಡು ಇವಳ ತಟ್ಟೆಗೆ ಹಾಕಿದ. ರೊಟ್ಟಿ ಮುರಿದರು. ತಿನ್ನಲಿಕ್ಕೆ ಶುರು ಮಾಡಿದರು!

ಒಂಬತ್ತು ಮೇಜು ತುಂಬ ಜನ ಇದ್ದಾರೆ. ಒಬ್ಬನ ಮುಂದೆಯೂ ಒಂದು ಲೋಟ ನೀರಿಲ್ಲ. ಸಿಗಡಿ ಬಣ್ಣದ ಆ ಗಂಡಸು ಕೈ ಎತ್ತಿದ. ಹುಡುಗ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಅಂಗೈ ತೋರಿಸಿದ. ಸ್ವಲ್ಪ ಕಾಯಿರಿ ಅಂತ.

ನನ್ನ ರಕ್ತ ತಲೆಗೇರಿತು. ಹೋಟೆಲು ನಡೆಸುವುದು ಹೀಗಾ? ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಮೊದಲೇ ನಾನು ಎದ್ದು, ಬೈರಾಸನ್ನು ಸೊಂಟಕ್ಕೆ ಬಿಗಿದು, ಕಟ್ಟೆಯ ಮೇಲಿದ್ದ ನೀರಿನ ಹೂಜಿ ಹಿಡಿದು ಮೇಜಿಂದ ಮೇಜಿಗೆ ನೀರು ಹಾಕಲಿಕ್ಕೆ ಶುರು ಮಾಡಿದೆ.

"ಮಾವ! ಏನು ಮಾಡ್ತಿದ್ದೀರಿ?"

"ಗಿರಾಕಿ ಕಾಯ್ತಾ ಇದ್ದಾರೆ. ನಿಮಗೆ ಕಣ್ಣಿಲ್ವಾ?"

"ಕಾಯ್ಲಿ. ನಾವು ಉಣ್ತಾ ಇದ್ದೇವೆ."

"ಗಿರಾಕಿ ಕಾಯುವುದಾ?"

"ಇಲ್ಲಿ ಕಾಯ್ತಾರೆ."

"ಇವತ್ತು ಮಾವ ಬಂದಿದ್ದಾರೆ ಅಂತ ನಾಟಕವಾ ಇದು? ನನಗೆ ಬೇಡ ಇಂಥದ್ದು."

ಅವಳು ಮುಳ್ಳು ತೆಗೆಯುತ್ತಿದ್ದ ಕೈಯಿಂದಲೇ ಗೋಡೆ ತೋರಿಸಿದಳು. ಬಾಗಿಲಿನ ಪಕ್ಕ ಒಂದು ಹಲಗೆ, ಬಿಸಿಲಿಗೆ ಬಿರಿದು, ಬಣ್ಣ ಮುಕ್ಕಾಲು ಹೋಗಿದೆ. ಅವಳೇ ಓದಿ ಹೇಳಿದಳು: ಒಂದರಿಂದ ಒಂದೂವರೆವರೆಗೆ ಅಡಿಗೆಯವರು ಉಣ್ಣುತ್ತಾರೆ. "ಇವನ ಅಜ್ಜಿ ಹಾಕಿಸಿದ್ದು ಮಾವ. ಹಸಿದವರ ಕೈಯಡಿಗೆ ರುಚಿ ಇರುವುದಿಲ್ಲ ಅಂತ ಹೇಳ್ತಿದ್ರಂತೆ. ಒಗ್ಗದವರು ಬೇರೆ ಕಡೆ ಹೋಗ್ಲಿ ಅಂತ."

ನಾನು ಹೂಜಿ ಹಿಡಿದುಕೊಂಡು ನಿಂತೆ. ಅಡಿಗೆಯ ಹೆಂಗಸು ಚಪ್ಪಲಿ ಕಳಚಿ, ಎದುರಿನ ಖಾಲಿ ಕುರ್ಚಿಗೆ ಕಾಲು ಚಾಚಿ, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ನಾನು ನೋಡುತ್ತೇನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾಟಕದವರಿಗೆ ಅಷ್ಟು ಚೆನ್ನಾಗಿ ಕಾಲು ಚಾಚಲಿಕ್ಕೆ ಬರುವುದಿಲ್ಲ.

ಹುಡುಗನ ಅಮ್ಮ ನನಗೂ ಒಂದು ಕುರ್ಚಿ ಎಳೆದರು. ತಟ್ಟೆ ಇಡಲಿಲ್ಲ, ಉಪವಾಸದವನಲ್ಲವಾ. ಮುಂದೆ ಬರೀ ಲಿಂಬೆ ನೀರು.

"ಒಂದು ತಟ್ಟೆ ಕೊಡ್ಲಿಕ್ಕೆ ಹೇಳು ಮಗಾ," ಅಂದೆ.

ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ನನ್ನನ್ನು ನೋಡಿದಳು. ಅವಳಮ್ಮನ ಕಣ್ಣೇ.

"ಯೋಚನೆ ಮಾಡಿ ಕೇಳ್ತಾ ಇದ್ದೀರಾ ಮಾವ, ಹಸಿವಿಗೆ ಕೇಳ್ತಾ ಇದ್ದೀರಾ?"

"ಹಸಿವು ಬೆಳಿಗ್ಗೆಯೇ ಇತ್ತು. ತಟ್ಟೆ ತಾ."

ಅವಳೇ ಎದ್ದು ಹೋಗಿ ತಂದಳು. ತರುವಷ್ಟರಲ್ಲಿ ಮೂಗು ಕೆಂಪಾಗಿತ್ತು. ಕೆಂಡದ ಹೊಗೆ ಅಂದಳು. ನಾನು ಮೀನಿಗೆ ಕೈ ಹಾಕಿದ್ದನ್ನು ಕಂಡು ಆ ಅಮ್ಮ ಗಾಬರಿಯಿಂದ ಎದೆಯ ಮೇಲೆ ಶಿಲುಬೆ ಮಾಡಿಕೊಂಡರು, ಇಷ್ಟು ಹೊತ್ತು ಹಿಡಿದ ವ್ರತ ಹೋಯಿತಲ್ಲ ಅಂತ. ಹುಡುಗ ಮಾತ್ರ ಏನೂ ತಿಳಿಯದೆ ಇನ್ನೆರಡು ಬೂತಾಯಿ ನನ್ನ ತಟ್ಟೆಗೆ ಹಾಕಿದ.

ಮೀನಿಗೆ ಉಪ್ಪು, ಲಿಂಬೆ, ಅಷ್ಟೇ. ಮೆಣಸಿಲ್ಲ, ಹುಳಿ ಇಲ್ಲ, ಅರೆದದ್ದು ಏನೂ ಇಲ್ಲ. ಅಂಥ ತಾಜಾ ಮೀನಿಗೆ ಅಂಥ ಅವಮಾನವನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಆರು ತಿಂದೆ.

ನಾವು ತಿನ್ನುತ್ತಿರುವಾಗಲೇ ಎರಡು ಮೇಜಿನವರು ಗೊಣಗುತ್ತಾ ಎದ್ದು ಪಕ್ಕದ ಹೋಟೆಲಿಗೆ ಹೋದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈ ನಾಲ್ವರಲ್ಲಿ ಒಬ್ಬರಾದರೂ ತಲೆ ಎತ್ತಿ ನೋಡಬೇಕಾ? ಇಲ್ಲ. ಅಡಿಗೆಯವರು ಇನ್ನೊಂದು ರೊಟ್ಟಿ ಮುರಿದರು. ಈ ಹೋಟೆಲು ಜನ್ಮದಲ್ಲಿ ಮುಂದೆ ಬರುವಂಥದ್ದಲ್ಲ ಅಂತ ನಾನು ಅಲ್ಲೇ ಕೂತು ಅಕ್ಕನಿಗೆ ಫೋನು ಮಾಡಿ ಹೇಳಿದೆ. ಮದುವೆಗೆ ದಿನ ನೋಡಿಸು ಅಂತಲೂ ಹೇಳಿದೆ.